ಕ್ಷಯದ ಲೆಕ್ಕ ಕೊಟ್ಟ 119 ಹಳ್ಳಿಗಳು

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಚರಿತ್ರೆ ಹೇಳಹೊರಟವರು ಸಾಮಾನ್ಯವಾಗಿ ದೇವನಹಳ್ಳಿಯ ಕೋಟೆಯಿಂದ ಶುರುಮಾಡುತ್ತಾರೆ. ಟಿಪ್ಪು ಹುಟ್ಟಿದ ಜಾಗ, ಅಲ್ಲಿನ ಚಕ್ಕೋತ, ದೊಡ್ಡಬಳ್ಳಾಪುರದ ಮಗ್ಗ, ಘಾಟಿಯ ದನಗಳ ಜಾತ್ರೆ, ಶಿವಗಂಗೆಯ ಬೆಟ್ಟ, ಈಚೆಗೆ ವಿಮಾನ ನಿಲ್ದಾಣ. ಇವೆಲ್ಲ ಬರಬೇಕಾದವೇ. ಆದರೆ ವೈದ್ಯವಿಜ್ಞಾನದ ಚರಿತ್ರೆಯಲ್ಲಿ ಈ ಸೀಮೆಗೆ ಇರುವ ಸ್ಥಾನ ಆ ಪಟ್ಟಿಯಲ್ಲಿ ಕಾಣಿಸುವುದು ಅಪರೂಪ. ಚಿಕಿತ್ಸೆ ಸಿಗದೆಹೋದ ಕ್ಷಯರೋಗಿಗಳಲ್ಲಿ ಐದು ವರ್ಷದೊಳಗೆ ಎಷ್ಟು ಜನ ಸಾಯುತ್ತಾರೆ, ಎಷ್ಟು ಜನ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ, ಎಷ್ಟು ಜನ ಕಾಯಿಲೆ ಹೊತ್ತುಕೊಂಡೇ ಊರಲ್ಲಿ ಬದುಕುತ್ತಾರೆ? ಈ ಪ್ರಶ್ನೆಗೆ ಕ್ಷಯ ತಜ್ಞರು ಇಂದಿಗೂ ಎತ್ತಿ ಹೇಳುವ ಉತ್ತರಗಳಲ್ಲಿ ಒಂದು ನೆಲಮಂಗಲ, ದೇವನಹಳ್ಳಿ ಮತ್ತು ಮಾಗಡಿ ತಾಲ್ಲೂಕುಗಳ 119 ಹಳ್ಳಿಗಳಿಂದ ಬಂದದ್ದು.

ಆ ಉತ್ತರವನ್ನು ಹುಡುಕಿದ್ದು ರಾಷ್ಟ್ರೀಯ ಕ್ಷಯರೋಗ ಸಂಸ್ಥೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 'ಅವಲಾನ್' ಎಂಬ ಬಂಗಲೆಯ ಆವರಣದಲ್ಲಿ 1959ರಲ್ಲಿ ಶುರುವಾದ ಈ ಸಂಸ್ಥೆಯನ್ನು 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ಜವಾಹರಲಾಲ್ ನೆಹರೂ ವಿಧ್ಯುಕ್ತವಾಗಿ ಉದ್ಘಾಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ ತಜ್ಞರನ್ನು ಕಳಿಸಿಕೊಟ್ಟಿತು, ಯುನಿಸೆಫ್ ಉಪಕರಣಗಳ ನೆರವು ನೀಡಿತು.

ಇಂಥದೊಂದು ಸಂಸ್ಥೆ ಬೇಕಾಗಿದ್ದಕ್ಕೆ ಕಾರಣವಿತ್ತು. ಅಲ್ಲಿಯವರೆಗೆ ಕ್ಷಯ ಎಂದರೆ ಸ್ಯಾನಟೋರಿಯಂ. ಮೈಸೂರಿನಲ್ಲಿ, ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ 1921ರಲ್ಲೇ ಬಾಗಿಲು ತೆರೆದಿತ್ತು. ಒಳ್ಳೆ ಗಾಳಿ, ಒಳ್ಳೆ ಊಟ, ತಿಂಗಳುಗಟ್ಟಲೆ ವಿಶ್ರಾಂತಿ. ಕೂಲಿ ಮಾಡಿ ಉಣ್ಣುವವನಿಗೆ ಇದು ಎಟುಕುವ ಮಾತಾಗಿರಲಿಲ್ಲ. 1955ರಿಂದ 1958ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯಿಂದ ಇನ್ನೂ ದೊಡ್ಡ ಆಘಾತ ಬಂತು. ಕ್ಷಯ ಪಟ್ಟಣದ ಇಕ್ಕಟ್ಟಿನ ಕಾಯಿಲೆ, ಹಳ್ಳಿಯ ಗಾಳಿಗೆ ಅದು ಸುಳಿಯುವುದಿಲ್ಲ ಎಂದು ನಂಬಿಕೊಂಡಿದ್ದ ದೇಶಕ್ಕೆ, ಹಳ್ಳಿಯಲ್ಲೂ ಅದು ಪಟ್ಟಣದಷ್ಟೇ ಇದೆ ಎಂದು ತಿಳಿಯಿತು. ಹೆಚ್ಚಿನ ಜನ ಹಳ್ಳಿಯಲ್ಲೇ ಇದ್ದುದರಿಂದ ಹೆಚ್ಚಿನ ರೋಗಿಗಳೂ ಅಲ್ಲೇ ಇದ್ದರು. ಕಫದಲ್ಲಿ ರೋಗಾಣು ಇದ್ದು ಇತರರಿಗೆ ಅಂಟಿಸಬಲ್ಲವರೇ ದೇಶದಲ್ಲಿ 15 ಲಕ್ಷ ಮಂದಿ ಎಂದು ಅಂದಾಜಾಯಿತು. ಆಸ್ಪತ್ರೆಯ ಹಾಸಿಗೆಗಳಿದ್ದದ್ದು ಕೆಲವು ಹತ್ತು ಸಾವಿರ.

ಅದೇ ಹೊತ್ತಿಗೆ ಮದರಾಸಿನಿಂದ ಒಂದು ಒಳ್ಳೆಯ ಸುದ್ದಿ ಬಂತು. ಅಲ್ಲಿನ ಕ್ಷಯ ಔಷಧ ಚಿಕಿತ್ಸಾ ಕೇಂದ್ರ 1959ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮನೆಯಲ್ಲೇ ಇದ್ದು ಒಂದು ವರ್ಷ ಐಸೋನಿಯಾಜಿಡ್ ಮತ್ತು ಪಿಎಎಸ್ ಎಂಬ ಔಷಧಿಗಳನ್ನು ಸೇವಿಸಿದ ಬಡರೋಗಿಗಳು ಸ್ಯಾನಟೋರಿಯಂನಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾಗಿದ್ದರು. ಹಾಸಿಗೆ ಬೇಕಿಲ್ಲ, ಔಷಧಿ ಸಾಕು ಎಂದಾಯಿತು. ಆದರೆ ಆ ಔಷಧಿಯನ್ನು ಯಾವ ಹಳ್ಳಿಯ ಯಾವ ಮನೆಗೆ ಯಾರು ಮುಟ್ಟಿಸಬೇಕು? ಇದನ್ನು ಕೋಣೆಯಲ್ಲಿ ಕೂತು ತೀರ್ಮಾನಿಸದೆ ಹಳ್ಳಿಗೇ ಹೋಗಿ ತಿಳಿಯಬೇಕೆಂದು ಹೊರಟದ್ದು ಬೆಂಗಳೂರಿನ ಸಂಸ್ಥೆಯ ಮೊದಲ ದೊಡ್ಡತನ.

ಆ ಕಾಲದ ಹೆಸರುಗಳಲ್ಲಿ ಕೆಲವನ್ನು ಹೇಳಲೇಬೇಕು. ಡಾ. ಪಿ.ವಿ. ಬೆಂಜಮಿನ್ ಮದನಪಲ್ಲಿಯ ಆರೋಗ್ಯವರಂ ಸ್ಯಾನಟೋರಿಯಂನಲ್ಲಿ ಪಳಗಿ, ಮುಂದೆ ಭಾರತ ಸರ್ಕಾರದ ಕ್ಷಯ ಸಲಹೆಗಾರರಾದವರು. ಡೆನ್ಮಾರ್ಕಿನ ವೈದ್ಯ ಹಾಫ್ಡನ್ ಮಾಹ್ಲರ್ 1950ರ ದಶಕದ ಆರಂಭದಲ್ಲೇ ಭಾರತಕ್ಕೆ ಬಂದು ಸುಮಾರು ಹತ್ತು ವರ್ಷ ಇಲ್ಲಿನ ಕ್ಷಯದ ಕೆಲಸದಲ್ಲಿ ತೊಡಗಿದ್ದರು, ಸಂಸ್ಥೆಯ ಮೊದಲ ದಿನಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಇಲ್ಲಿ ದುಡಿದರು. ರೋಗಗಳ ಹರಡುವಿಕೆಯ ಲೆಕ್ಕದಲ್ಲಿ ನಿಪುಣರಾಗಿದ್ದ ರಾಜ್ ನಾರಾಯಣ್, ಸಂಖ್ಯಾಶಾಸ್ತ್ರಜ್ಞ ಎಸ್.ಎಸ್. ನಾಯರ್, ಜಿ.ಡಿ. ಗೋಥಿ, ಎ.ಕೆ. ಚಕ್ರವರ್ತಿ, ಸಮಾಜದ ಕಡೆಯಿಂದ ರೋಗವನ್ನು ನೋಡಿದ ಡಾ. ದೇವಬರ್ ಬ್ಯಾನರ್ಜಿ ಮತ್ತು ಅವರ ಜೊತೆಗಾರ ಸ್ಟಿಗ್ ಆಂಡರ್‌ಸನ್.

ಬ್ಯಾನರ್ಜಿ ಮತ್ತು ಆಂಡರ್‌ಸನ್ ಪಕ್ಕದ ತುಮಕೂರು ಜಿಲ್ಲೆಯಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಸೇರಿಸದೆ ನೆಲಮಂಗಲದ ಕಥೆ ಪೂರ್ಣವಾಗುವುದಿಲ್ಲ. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಕಾಯಿಲೆ ಬಂದದ್ದೇ ಅವರಿಗೆ ಗೊತ್ತಾಗುವುದಿಲ್ಲ, ಆದ್ದರಿಂದ ಎಕ್ಸ್‌ರೇ ಗಾಡಿ ಕಟ್ಟಿಕೊಂಡು ಊರೂರು ಅಲೆದು ರೋಗಿಗಳನ್ನು ಹಿಡಿಯಬೇಕು ಎಂಬುದು ಆಗಿನ ತಜ್ಞರ ಎಣಿಕೆ. ತುಮಕೂರು ಜಿಲ್ಲೆಯ ಸಮೀಕ್ಷೆಯಲ್ಲಿ ಪತ್ತೆಯಾದ ರೋಗಿಗಳ ಮನೆಗೇ ಹೋಗಿ ಇವರು ಮಾತಾಡಿಸಿದಾಗ ಆ ಎಣಿಕೆ ನೆಲಕಚ್ಚಿತು. ನೂರಕ್ಕೆ 95ರಷ್ಟು ರೋಗಿಗಳಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಎಂಬ ಅರಿವಿತ್ತು. ಹೆಚ್ಚಿನವರು ಅದರ ಬಗ್ಗೆ ಕಳವಳಪಟ್ಟಿದ್ದರು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಿದ್ದರು. ಅವರಲ್ಲಿ ಬಹುಪಾಲು ಮಂದಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧಿ. ಕಫ ಪರೀಕ್ಷೆ ಮಾಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ತಪ್ಪು ರೋಗಿಯದಲ್ಲ, ವ್ಯವಸ್ಥೆಯದು ಎಂದು 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನ ಅಂಕಿಅಂಶ ಸಮೇತ ತೋರಿಸಿತು. ನನ್ನ ಮಟ್ಟಿಗೆ, ಸ್ವಾತಂತ್ರ್ಯಾನಂತರ ಭಾರತದಲ್ಲಿ ನಡೆದ ಅತ್ಯಂತ ಮಾನವೀಯ ವೈದ್ಯಕೀಯ ಸಂಶೋಧನೆಗಳಲ್ಲಿ ಇದೊಂದು.

ಇನ್ನು ನಮ್ಮ ತಾಲ್ಲೂಕುಗಳ ವಿಷಯ.

1961ರಲ್ಲಿ ಸಂಸ್ಥೆ ಆಗಿನ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳಿಂದ 119 ಹಳ್ಳಿಗಳನ್ನು ಯಾವ ಪಕ್ಷಪಾತಕ್ಕೂ ಎಡೆಯಿಲ್ಲದಂತೆ ಆರಿಸಿತು. ಒಟ್ಟು ಜನಸಂಖ್ಯೆ 60 ಸಾವಿರಕ್ಕೂ ಮೇಲೆ. ಒಂದೇ ಹಳ್ಳಿಗಳನ್ನು, ಒಂದೇ ಜನರನ್ನು ನಾಲ್ಕು ಸಲ ನೋಡುವುದು ಯೋಜನೆ: ಮೊದಲ ಸಮೀಕ್ಷೆ, ಅದಾದ ಒಂದೂವರೆ ವರ್ಷಕ್ಕೆ ಎರಡನೆಯದು, ಮೂರು ವರ್ಷಕ್ಕೆ ಮೂರನೆಯದು, ಐದು ವರ್ಷಕ್ಕೆ ನಾಲ್ಕನೆಯದು. ಎಲ್ಲ ಹಳ್ಳಿಗಳ ಸುತ್ತು ಮುಗಿಯುವ ಹೊತ್ತಿಗೆ 1968 ಬಂತು.

ಕೆಲಸದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಅದರ ತೂಕ ತಿಳಿಯುತ್ತದೆ. ಮೊದಲು ಮನೆಮನೆಗೆ ನಂಬರು, ಒಂದೊಂದು ಮನೆಗೆ ಒಂದೊಂದು ಕಾರ್ಡು. ಅಜ್ಜನಿಂದ ಹಸುಗೂಸಿನವರೆಗೆ ಎಲ್ಲರ ಹೆಸರು, ವಯಸ್ಸು. ಆಮೇಲೆ, ಸೋಂಕು ತಗುಲಿದೆಯೇ ಎಂದು ತಿಳಿಯಲು ಟ್ಯುಬರ್‌ಕ್ಯುಲಿನ್ ಪರೀಕ್ಷೆ. ಮುಂಗೈಯ ಚರ್ಮದ ಪದರದೊಳಗೇ, ಆಳಕ್ಕೆ ಹೋಗದ ಹಾಗೆ, ಒಂದು ಮಿಲಿಲೀಟರಿನ ಹತ್ತನೇ ಒಂದು ಭಾಗದಷ್ಟು ದ್ರವ. ಸೂಜಿ ಸರಿಯಾಗಿ ಹೋಗಿದ್ದರೆ ಅಲ್ಲೊಂದು ಚಿಕ್ಕ ಬೊಬ್ಬೆ ಏಳಬೇಕು. ಮೂರನೆಯ ದಿನ ಅದೇ ಊರಿಗೆ ಮತ್ತೆ ಹೋಗಿ, ಅದೇ ಕೈಯನ್ನು ಹಿಡಿದು ನೋಡಬೇಕು. ಅಳೆಯಬೇಕಾದದ್ದು ಕೆಂಪನ್ನಲ್ಲ, ಗಟ್ಟಿಯಾದ ಊತವನ್ನು. ಬೆರಳ ತುದಿಯಿಂದ ಸವರಿ ಅದರ ಅಂಚು ಎಲ್ಲಿಗೆ ನಿಂತಿತೆಂದು ಗುರುತಿಸಿ, ಪಾರದರ್ಶಕ ಅಳತೆಪಟ್ಟಿ ಇಟ್ಟು ಮಿಲಿಮೀಟರಿನಲ್ಲಿ ಬರೆಯಬೇಕು. ಒಂಬತ್ತಿದ್ದರೆ ಒಂಬತ್ತು, ಹತ್ತಕ್ಕೆ ಏರಿಸಿ ಬರೆಯುವಂತಿಲ್ಲ. ಸಾವಿರಾರು ಕೈಗಳ ಅಳತೆಯಲ್ಲಿ ಒಬ್ಬ ಸಿಬ್ಬಂದಿಯ ಬೆರಳು ಉದಾಸೀನ ಮಾಡಿದರೂ ಇಡೀ ಹಳ್ಳಿಯ ಲೆಕ್ಕ ತಪ್ಪುತ್ತದೆ. ಆದ್ದರಿಂದ ಅಳತೆ ಓದುವವರಿಗೆ ಮೊದಲೇ ಬಿಗಿಯಾದ ತರಬೇತಿ.

ಐದು ವರ್ಷ ದಾಟಿದವರಿಗೆಲ್ಲ ಎದೆಯ ಎಕ್ಸ್‌ರೇ. ಕರೆಂಟು ಎಲ್ಲ ಊರಿಗೂ ಬಂದಿರದ ಕಾಲ. ಜನರೇಟರ್ ಹೊತ್ತ ವ್ಯಾನೇ ಹಳ್ಳಿಗೆ ಹೋಗಬೇಕು. ಫಿಲ್ಮು ಅಂಗೈಗಿಂತ ಸಣ್ಣದು. ಅದರಲ್ಲಿ ನೆರಳು ಕಂಡವರ ಕಫವನ್ನು ಎರಡು ಸಲ ಸಂಗ್ರಹಿಸಬೇಕು, ಒಂದು ಅಲ್ಲೇ ಆ ಹೊತ್ತಿನದು, ಇನ್ನೊಂದು ರಾತ್ರಿಯದು. ಕಫದ ಬಟ್ಟಲನ್ನು ಬೆಂಗಳೂರಿನ ಪ್ರಯೋಗಾಲಯಕ್ಕೆ ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು ಒಂದು ಹಂತ. ಮೊಟ್ಟೆಯಿಂದ ಮಾಡಿದ ಲೋವೆನ್‌ಸ್ಟೈನ್-ಯೆನ್ಸನ್ ಮಾಧ್ಯಮದಲ್ಲಿ ಬಿತ್ತಿ ರೋಗಾಣು ಬೆಳೆಯುತ್ತದೆಯೇ ಎಂದು ವಾರಗಟ್ಟಲೆ ಕಾಯುವುದು ಇನ್ನೊಂದು. ಕ್ಷಯದ ರೋಗಾಣು ನಿಧಾನದ್ದು, ಎಂಟು ವಾರವಾದರೂ ತಾಳ್ಮೆ ಕೆಡಬಾರದು.

ಇಷ್ಟೆಲ್ಲಕ್ಕೂ ಹಳ್ಳಿಯವರು ಒಪ್ಪಿದರು ಎಂಬುದನ್ನು ನಾವು ಹಗುರವಾಗಿ ದಾಟಿಹೋಗುತ್ತೇವೆ. ಕೂಲಿಗೆ ಹೋಗಬೇಕಾದ ಹೊತ್ತಿನಲ್ಲಿ ನಿಂತು ಕೈ ಚಾಚುವುದು, ಮೂರು ದಿನ ಕಳೆದು ಮತ್ತೆ ಚಾಚುವುದು, ಅಳುವ ಮಗುವಿನ ಕೈ ಹಿಡಿದುಕೊಳ್ಳುವುದು, ಅಪರಿಚಿತರ ಮುಂದೆ ಕೆಮ್ಮಿ ಬಟ್ಟಲಲ್ಲಿ ಉಗುಳುವುದು. ಕ್ಷಯ ಇದೆ ಎಂದು ಊರಿಗೆ ತಿಳಿದರೆ ಮಗಳ ಮದುವೆ ನಿಲ್ಲುವ ಕಾಲದಲ್ಲಿ ಇದನ್ನು ಮಾಡುವುದು. ಅದೂ ಒಂದು ಸಲವಲ್ಲ, ನಾಲ್ಕು ಸಲ. ಸಂಶೋಧನೆಯ ಯಶಸ್ಸಿನಲ್ಲಿ ಅರ್ಧ ಪಾಲು ಅವರದು.

ಸಿಕ್ಕ ಫಲಿತಾಂಶಗಳಲ್ಲಿ ಮೊದಲನೆಯದು ಇಷ್ಟು. ಯಾವ ಸಮೀಕ್ಷೆಯಲ್ಲಿ ನೋಡಿದರೂ ಕಫದಲ್ಲಿ ರೋಗಾಣು ಇದ್ದವರು ಸಾವಿರಕ್ಕೆ ಸುಮಾರು ನಾಲ್ವರು. ಸಂಖ್ಯೆ ಹೆಚ್ಚು ಕದಲಲಿಲ್ಲ. ಒಂದೇ ಸಲ ಸಮೀಕ್ಷೆ ಮಾಡಿ ಹೊರಟುಹೋಗಿದ್ದರೆ, ಈ ನಾಲ್ವರೇ ಹಳೆಯ ನಾಲ್ವರು, ಕಾಯಿಲೆ ಇದ್ದಲ್ಲೇ ಇದೆ ಎಂದು ತಿಳಿದುಕೊಳ್ಳಬಹುದಿತ್ತು. ನಾಲ್ಕು ಸಲ ಅದೇ ಜನರನ್ನು ನೋಡಿದ್ದರಿಂದ ನಿಜ ಗೊತ್ತಾಯಿತು. ಒಬ್ಬೊಬ್ಬರೇ ಸಾಯುತ್ತಿದ್ದರು, ಕೆಲವರು ವಾಸಿಯಾಗುತ್ತಿದ್ದರು, ಅವರ ಜಾಗಕ್ಕೆ ವರ್ಷವರ್ಷವೂ ಸಾವಿರಕ್ಕೆ ಸುಮಾರು ಒಬ್ಬರಂತೆ ಹೊಸ ರೋಗಿಗಳು ಬಂದು ಸೇರುತ್ತಿದ್ದರು. ಕೆರೆಯ ನೀರಿನ ಮಟ್ಟ ಹಾಗೇ ಇದೆ ಎಂದರೆ ನೀರು ನಿಂತಿದೆ ಎಂದಲ್ಲ. ತೂಬಿನಿಂದ ಹೋದಷ್ಟೇ ಹಳ್ಳದಿಂದ ಬಂದು ಸೇರುತ್ತಿದೆ. ರೋಗದ ಸೋಂಕು ಹೊಸದಾಗಿ ತಗಲುತ್ತಿದ್ದವರು ವರ್ಷಕ್ಕೆ ನೂರಕ್ಕೆ ಒಬ್ಬರಷ್ಟು. ಸೋಂಕು ತಗುಲಿದವರೆಲ್ಲ ರೋಗಿಗಳಾಗುವುದಿಲ್ಲ, ಬಹುಪಾಲು ಜನರಲ್ಲಿ ಅದು ಸುಪ್ತವಾಗಿ ಉಳಿಯುತ್ತದೆ. ಆದರೂ ಊರಿನ ಗಾಳಿಯಲ್ಲಿ ರೋಗಾಣು ಎಷ್ಟು ಓಡಾಡುತ್ತಿದೆ ಎಂಬುದನ್ನು ಈ ಸಂಖ್ಯೆಯೇ ಹೇಳುತ್ತದೆ.

ಎರಡನೆಯ ಫಲಿತಾಂಶವೇ ಜಗತ್ತು ನೆನಪಿಟ್ಟುಕೊಂಡದ್ದು. ಸಂಘಟಿತ ಕ್ಷಯ ಚಿಕಿತ್ಸಾ ಕಾರ್ಯಕ್ರಮ ಆಗಿನ್ನೂ ಈ ಹಳ್ಳಿಗಳಿಗೆ ಬಂದಿರಲಿಲ್ಲ. ಮೊದಲ ಸಮೀಕ್ಷೆಯಲ್ಲಿ ಪತ್ತೆಯಾದವರಲ್ಲಿ 126 ಮಂದಿಯ ಜಾಡು ಹಿಡಿದು ಐದು ವರ್ಷದ ಕೊನೆಗೆ ನೋಡಿದರೆ ನೂರಕ್ಕೆ 49 ಮಂದಿ ತೀರಿಕೊಂಡಿದ್ದರು. 33 ಮಂದಿಯ ಕಫದಿಂದ ರೋಗಾಣು ತಾನಾಗಿ ಮಾಯವಾಗಿತ್ತು. ಉಳಿದ 18 ಮಂದಿ ಇನ್ನೂ ಕೆಮ್ಮುತ್ತ, ರೋಗಾಣು ಉಗುಳುತ್ತ ಬದುಕಿದ್ದರು. ಅರ್ಧ ಸಾವು, ಮೂರನೇ ಒಂದು ವಾಸಿ, ಐದನೇ ಒಂದು ದೀರ್ಘರೋಗ: ಈ ಲೆಕ್ಕ ಕೆನಡಾದ ಗ್ರಿಜಿಬೌಸ್ಕಿಯವರಂಥ ತಜ್ಞರ ಬರಹಗಳ ಮೂಲಕ ಪಠ್ಯಪುಸ್ತಕಗಳಿಗೆ ಹೋಯಿತು. ಯಾವುದೇ ದೇಶದ ಕ್ಷಯ ಕಾರ್ಯಕ್ರಮ ನಿಜಕ್ಕೂ ಉಪಯೋಗಕ್ಕೆ ಬರುತ್ತಿದೆಯೇ ಎಂದು ಅಳೆಯಲು ಇದೊಂದು ಮಟ್ಟಗೋಲಾಯಿತು. ಅರೆಬರೆ ಚಿಕಿತ್ಸೆ ಕೊಟ್ಟರೆ ಸಾವು ಕಡಿಮೆಯಾಗಬಹುದು, ಆದರೆ ರೋಗಾಣು ಉಗುಳುತ್ತ ಉಳಿಯುವವರ ಪಾಲು ಈ 18ಕ್ಕಿಂತ ಹೆಚ್ಚಾಗಿ, ಊರಿಗೆ ಇನ್ನಷ್ಟು ಕೇಡಾಗಬಹುದು ಎಂಬ ಎಚ್ಚರ ಬಂದದ್ದು ಇಂಥ ಹೋಲಿಕೆಯಿಂದಲೇ. ಗುಳಿಗೆ ಶುರುಮಾಡಿದ ಮೇಲೆ ನಡುವೆ ಬಿಡಬಾರದು ಎಂದು ಇಂದು ಆಶಾ ಕಾರ್ಯಕರ್ತೆ ಮನೆಬಾಗಿಲಲ್ಲಿ ನಿಂತು ಹೇಳುವ ಮಾತಿನ ಹಿಂದೆ ಈ ತಿಳಿವಳಿಕೆ ಇದೆ.

ಶೇಕಡಾವಾರು ಬಿಟ್ಟು ತಲೆ ಎಣಿಸಿದರೆ, 126ರಲ್ಲಿ ತೀರಿಕೊಂಡವರು 62 ಮಂದಿ. 119 ಹಳ್ಳಿಗಳಲ್ಲಿ ಹಂಚಿದರೆ ಒಂದು ಬಿಟ್ಟು ಒಂದು ಊರಿನಲ್ಲಿ ಒಂದೊಂದು ಸಾವು. ರೋಗ ಕೊಲ್ಲಬಲ್ಲ ಗುಳಿಗೆ 1952ರಲ್ಲೇ ಜಗತ್ತಿಗೆ ಬಂದಿದ್ದರೂ ಅದು ನಮ್ಮ ಹಳ್ಳಿಯ ದಾರಿ ಹಿಡಿಯುವುದರೊಳಗೆ ಹೋದ ಜೀವಗಳು ಇವು. ಇಂದಿನ ಸಂಶೋಧನಾ ನೀತಿಯಲ್ಲಿ ಸಮೀಕ್ಷೆಯಲ್ಲಿ ಸಿಕ್ಕ ರೋಗಿಗೆ ಮೊದಲು ಚಿಕಿತ್ಸೆ, ಆಮೇಲೆ ಲೆಕ್ಕ. ಹಾಗೇ ಇರಬೇಕು. ಇಂಥ ಅಧ್ಯಯನ ಇನ್ನೊಮ್ಮೆ ನಡೆಯಲಾರದು, ನಡೆಯಲೂಬಾರದು. ಅದಕ್ಕಾಗಿಯೇ ಈ 126 ಮಂದಿಯ ಋಣ ದೊಡ್ಡದು. ಅವರು ತಮಗೆ ತಿಳಿಯದೆಯೇ ಕೊಟ್ಟ ಉತ್ತರವನ್ನು ಬಳಸಿಕೊಂಡು ಮುಂದಿನ ತಲೆಮಾರುಗಳ ಚಿಕಿತ್ಸೆಯನ್ನು ಅಳೆದೆವು.

ಅಧ್ಯಯನದ ವರದಿ 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂತು. ಲೇಖಕರ ಹೆಸರು ಇರಬೇಕಾದ ಜಾಗದಲ್ಲಿ ಇರುವುದು 'ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ಬೆಂಗಳೂರು' ಎಂದಷ್ಟೆ. ವರ್ಷಗಟ್ಟಲೆ ದುಡಿದ ವಿಜ್ಞಾನಿಗಳು ಹೆಸರಿಗಾಗಿ ಗುದ್ದಾಡದೆ ಸಂಸ್ಥೆಯ ಹೆಸರಲ್ಲಿ ಕೆಲಸ ಒಪ್ಪಿಸಿದರು. ವಿಜ್ಞಾನಿ ಎಂದರೆ ಒಬ್ಬ ವ್ಯಕ್ತಿ, ಒಂದು ಭಾವಚಿತ್ರ, ಒಂದು ಪ್ರಶಸ್ತಿ ಎಂದು ನೋಡುವುದು ನಮಗೆ ರೂಢಿಯಾಗಿದೆ. ವೈದ್ಯ, ಸಂಖ್ಯಾಶಾಸ್ತ್ರಜ್ಞ, ಪ್ರಯೋಗಾಲಯದ ತಂತ್ರಜ್ಞ, ಕಾರ್ಡು ಬರೆದ ಗುಮಾಸ್ತ, ವ್ಯಾನಿನ ಚಾಲಕ, ಕೈ ಚಾಚಿದ ರೈತ ಎಲ್ಲರೂ ಸೇರಿ ಮಾಡಿದ ವಿಜ್ಞಾನಕ್ಕೆ ಆ ಚೌಕಟ್ಟು ಸಾಲದು.

ಈ ಅಧ್ಯಯನ ನಡೆಯುತ್ತಿದ್ದಾಗಲೇ, 1962ರಲ್ಲಿ, ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ರೂಪರೇಖೆ ಬೆಂಗಳೂರಿನ ಈ ಸಂಸ್ಥೆಯಲ್ಲಿ ಸಿದ್ಧವಾಗಿತ್ತು. ತುಮಕೂರಿನ ರೋಗಿಗಳು ಕಲಿಸಿದ ಪಾಠವೇ ಅದರ ಬೆನ್ನೆಲುಬು: ಕೆಮ್ಮಿಕೊಂಡು ಬರುವವರು ಹೇಗೂ ಹತ್ತಿರದ ಆಸ್ಪತ್ರೆಗೆ ಬರುತ್ತಾರೆ, ಅಲ್ಲೇ ಕಫ ನೋಡಿ, ಅಲ್ಲೇ ಉಚಿತವಾಗಿ ಔಷಧಿ ಕೊಡಿ, ಮನೆಯಲ್ಲೇ ಗುಣವಾಗಲಿ. ಪ್ರತಿ ಜಿಲ್ಲೆಗೊಂದು ಕ್ಷಯ ಕೇಂದ್ರ ಎಂಬ ಮಾದರಿಯನ್ನು ಮೊದಲು ನಡೆಸಿನೋಡಿದ್ದು ನಮ್ಮ ರಾಜ್ಯದ ಗಡಿಗೆ ಹೊಂದಿದ ಅನಂತಪುರ ಜಿಲ್ಲೆಯಲ್ಲಿ. ಕಾರ್ಯಕ್ರಮ ಕಾಗದದಲ್ಲಿ ಇದ್ದಷ್ಟು ಗಟ್ಟಿಯಾಗಿ ನೆಲದ ಮೇಲೆ ನಡೆಯಲಿಲ್ಲ. ಹಣ, ಔಷಧಿ, ಸಿಬ್ಬಂದಿ ಮೂರರದ್ದೂ ಕೊರತೆ. 1990ರ ದಶಕದಲ್ಲಿ ಅದನ್ನು ಪರಿಷ್ಕರಿಸಬೇಕಾಯಿತು. ಆದರೆ ಮೂಲ ವಿಚಾರ ಸೋಲಲಿಲ್ಲ. ಇಲ್ಲಿಂದ ಜಿನೀವಾಕ್ಕೆ ಹೋದ ಮಾಹ್ಲರ್ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದರು. ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಸೇವೆ ಎಂದು ಸಾರಿದ 1978ರ ಆಲ್ಮಾ ಆಟಾ ಘೋಷಣೆ ಬಂದದ್ದು ಅವರ ಕಾಲದಲ್ಲೇ. ಜನರಿಗೆ ಬೇಕಾದದ್ದನ್ನು ಜನರ ಹತ್ತಿರವೇ ಕೊಡಬೇಕೆಂಬ ಆ ಘೋಷಣೆಗೂ, ಅವರು ಭಾರತದ ಹಳ್ಳಿಗಳಲ್ಲಿ ಕಳೆದ ವರ್ಷಗಳಿಗೂ ನಂಟಿಲ್ಲ ಎಂದು ನಾನು ಒಪ್ಪಲಾರೆ. ಬ್ಯಾನರ್ಜಿ ದೆಹಲಿಗೆ ಹೋಗಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ವೈದ್ಯಶಾಸ್ತ್ರದ ಕೇಂದ್ರ ಕಟ್ಟಿದರು.

ಸಂಸ್ಥೆ ಈ ಸೀಮೆಯನ್ನು ಮರೆಯಲಿಲ್ಲ. 2008ರಿಂದ 2010ರವರೆಗೆ ಅದರ ತಂಡ ನೆಲಮಂಗಲ ತಾಲ್ಲೂಕಿಗೆ ಮತ್ತೆ ಬಂದು, 15 ವರ್ಷ ಮೇಲ್ಪಟ್ಟವರಲ್ಲಿ ಕ್ಷಯ ಎಷ್ಟಿದೆ ಎಂದು ನೋಡಿತು. ಕಫದಲ್ಲಿ ರೋಗಾಣು ಇದ್ದವರು ಲಕ್ಷಕ್ಕೆ 200ರ ಆಸುಪಾಸು, ಅಂದರೆ ಸಾವಿರಕ್ಕೆ ಇಬ್ಬರು. ವಯಸ್ಸಿನ ಗುಂಪು, ಪರೀಕ್ಷೆಯ ಕ್ರಮ ಬೇರೆಯಾದ್ದರಿಂದ 1961ರ ನಾಲ್ವರ ಪಕ್ಕದಲ್ಲಿ ಇದನ್ನು ನೇರವಾಗಿ ಇಟ್ಟು ಲೆಕ್ಕ ಹಾಕುವಂತಿಲ್ಲ. ಇಳಿದಿದೆ ಎನ್ನಬಹುದು, ಹೋಗಿದೆ ಎನ್ನುವ ಹಾಗಿಲ್ಲ. ಹೆದ್ದಾರಿ, ಗೋದಾಮು, ಕಾರ್ಖಾನೆ ಬಂದು ಊರಿನ ಚಹರೆಯೇ ಬದಲಾದ ತಾಲ್ಲೂಕಿನಲ್ಲಿ ಕ್ಷಯ ಇನ್ನೂ ಮನೆ ಮಾಡಿಕೊಂಡಿತ್ತು. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂಬ ಮಾತು ಈ ಸಂಚಿಕೆಯ ಓದುಗರಿಗೂ ಅನ್ವಯಿಸುತ್ತದೆ. ಪರೀಕ್ಷೆ, ಔಷಧಿ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಆಯಿತು, 2007ರಲ್ಲಿ ಮಾಗಡಿ ಅದರಿಂದ ಬೇರೆಯಾಗಿ ರಾಮನಗರ ಜಿಲ್ಲೆಗೆ ಸೇರಿತು. ಹೀಗೆ ಗಡಿ ಬದಲಾದಾಗ ಊರುಗಳ ನೆನಪೂ ಚದುರುತ್ತದೆ. ಸ್ಮರಣ ಸಂಚಿಕೆ ತರುವ ನಾವು ಮಾಡಬಹುದಾದ ಕೆಲಸ ಒಂದಿದೆ. ಆ 119 ಹಳ್ಳಿಗಳ ಪಟ್ಟಿಯನ್ನು ಸಂಸ್ಥೆಯಿಂದ ಕೇಳಿ ಪಡೆದು, ಆಯಾ ಗ್ರಾಮ ಪಂಚಾಯಿತಿಯಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಒಂದು ಫಲಕ ಹಾಕಿಸಬೇಕು. ರೋಗಿಗಳ ಹೆಸರು ಬೇಡ, ಊರಿನ ಹೆಸರು ಸಾಕು. ಅದರ ಜೊತೆಗೆ, ಎಕ್ಸ್‌ರೇ ವ್ಯಾನು ಊರಿಗೆ ಬಂದದ್ದನ್ನೂ ಮುಂಗೈಗೆ ಸೂಜಿ ಹಾಕಿಸಿಕೊಂಡದ್ದನ್ನೂ ನೆನಪಿಟ್ಟುಕೊಂಡಿರುವ ಹಿರಿಯರ ಮಾತನ್ನು, ಅವರು ಒಪ್ಪಿದರೆ, ಬರೆದಿಟ್ಟುಕೊಳ್ಳಬೇಕು. ಇದನ್ನು ಬೇಗ ಮಾಡಬೇಕು: ಮೊದಲ ಸಮೀಕ್ಷೆಯ ದಿನ ಐದು ವರ್ಷದ ಮಗುವಾಗಿದ್ದವರಿಗೆ ಈಗ ಎಪ್ಪತ್ತರ ಹತ್ತಿರದ ವಯಸ್ಸು.